ಫೀ ಇಲ್ಲದ ಗೋಡೆ

18-1-2025, ಶನಿವಾರ
ಚಿತ್ರದುರ್ಗ

ನಾಳೆ ಫೈನಲ್. ಆ ಬಿರುಕು ಕಣ್ಣಿಂದ ಹೋಗುತ್ತಿಲ್ಲ.

ಹೋದ ವರ್ಷದವರೆಗೂ ನಮ್ಮ ಫುಟ್‌ಬಾಲ್ ಪಂದ್ಯಕ್ಕೆ ಉಸ್ಮಾನ್ ಸಾಬರು ಗೇಟಿನಲ್ಲಿ ಟವೆಲ್ ಹಾಸಿ ಕೂರುತ್ತಿದ್ದರು. ಜನ ಕೈಲಾದಷ್ಟು ಹಾಕಿ ಒಳಗೆ ಬರುತ್ತಿದ್ದರು. ಈ ಸಲ ಕಮಿಟಿ ಟಿಕೆಟ್ಟನ್ನೆಲ್ಲ ಯಾವುದೋ ಆ್ಯಪಿಗೆ ವಹಿಸಿತು. ಟಿಕೆಟ್ ಮೂವತ್ತು, ಬುಕಿಂಗ್ ಫೀ ಇಪ್ಪತ್ತು. ಗೇಟಿಗೇ ಬಂದು ಕೊಂಡರೂ ಫೀ ತಪ್ಪುವುದಿಲ್ಲ. ಒಪ್ಪಿ ಕೈ ಎತ್ತಿದವರಲ್ಲಿ ನಾನೂ ಒಬ್ಬ.

ಸಂಜೆ ಸಾಬರು ನನ್ನನ್ನು ಮೈದಾನದ ಹಿಂದಿನ ಹಳೇ ಕಾಂಪೌಂಡಿಗೆ ಕರೆದೊಯ್ದರು. ಗೋಡೆಯ ಹೊರಗೆ ಉದ್ದಕ್ಕೂ ಯಾರೋ ಕಲ್ಲು ಒಟ್ಟಿ ಮೆಟ್ಟಿಲು ಮಾಡಿಟ್ಟಿದ್ದಾರೆ.

"ಜನ ಬರಲ್ಲ ಅಂದ್ಕಂಡಿದ್ದೀಯೇನಪ್ಪ? ಎಲ್ಲಾ ಬರ್ತಾರೆ. ಈ ಗೋಡೆ ಮೇಲೆ ಕುಂತ್ಕಂತಾರೆ."

ಗೋಡೆಯ ಬಿರುಕಿನೊಳಗೆ ಅವರ ಅಂಗೈ ಪೂರ್ತಿ ಇಳಿಯಿತು.

ಕಮಿಟಿಯ ನಾಸಿರನಿಗೆ ಫೋನ್ ಮಾಡಿ ಬಿರುಕಿನ ವಿಷಯ ಹೇಳಿ, "ಗೇಟು ತೆಗೆದು ಎಲ್ಲರನ್ನೂ ಸುಮ್ನೆ ಬಿಟ್ಬಿಡಾಣ" ಎಂದೆ.

"ಆಗಲ್ಲ, ಆ್ಯಪಿನವರ ಜತೆ ಅಗ್ರಿಮೆಂಟ್ ಆಗೈತೆ. ಆ ಗೋಡೆ ನಮ್ಮಪ್ಪನ ಕಾಲದಿಂದ್ಲೂ ಹಂಗೇ ನಿಂತೈತೆ ಬಿಡು."

ಊಟಕ್ಕೆ ಬಡಿಸುತ್ತ ಹೆಂಡತಿ ಖುಷಿಯಿಂದ ಹೇಳಿದಳು: "ಭರಮಸಾಗರದಿಂದ ನಮ್ಮಣ್ಣ ಮಕ್ಳನ್ನೆಲ್ಲ ಕರ್ಕಂಡು ಬರ್ತಾನಂತೆ ಕಣ್ರಿ. ಟಿಕೆಟ್ ಬೇಡಂತೆ, ಜಾಗ ಆಗ್ಲೇ ಹಿಡಿದಾಗೈತಂತೆ."

ಅವನಿಗಾದರೆ ಗೋಡೆ ಹತ್ತಬೇಡ ಎಂದು ಹೇಳಿಬಿಡುತ್ತೇನೆ. ಉಳಿದ ಊರಿಗೆಲ್ಲ ಹೇಗೆ ಹೇಳಲಿ?