ಗಿಟಾರ್ ಕಲಿಸುವ ಮೂರು ಪುಸ್ತಕ

ಜನವರಿ 9, ಬೆಳಿಗ್ಗೆ

ಮನೆ ಮುಂದಿನ ಹೊಲಿಗೆ ಅಂಗಡಿ ತೆಗೆಯುವ ಮುಂಚೆ ಅರ್ಧ ಗಂಟೆ ಅಭ್ಯಾಸ. ಎರಡನೇ ಪುಸ್ತಕ. ಕಾರ್ಡ್ ಎಂದರೆ ಮೂರು ಬೆರಳಲ್ಲಿ ಮೂರು ತಂತಿ ಒತ್ತಿ ಒಟ್ಟಿಗೆ ಮೀಟುವುದು. ಒತ್ತಿದೆ. ಮೀಟಿದೆ. ಡಬ್ಬಕ್ಕೆ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಸದ್ದು. ಬೆರಳ ತುದಿ ಗಟ್ಟಿಯಾಗಬೇಕಂತೆ. ಇಷ್ಟು ವರ್ಷ ಬಟ್ಟೆ ಹೊಲಿದು, ಸೂಜಿ ಹಿಡಿದು ಬಲಗೈ ಗಟ್ಟಿಯಾಗಿದೆ. ಒತ್ತಬೇಕಾದ್ದು ಎಡಗೈ — ಅದು ಬೆಣ್ಣೆ.

ಮೊದಲನೇ ಪುಸ್ತಕ ಮಕ್ಕಳದು ಎಂದು ಮೂಲೆಗೆ ಎಸೆದಿದ್ದೆ. ಇದೂ ಹಾಗೇ. ಚಿತ್ರದಲ್ಲಿ ದಪ್ಪ ತಂತಿ ಮೇಲೆ, ಮಗಳ ಗಿಟಾರಿನಲ್ಲಿ ಕೆಳಗೆ. ಒಂದೊಂದು ಕಂಪನಿಯದು ಒಂದೊಂದು ಥರ ಇರಬೇಕು.

ಜನವರಿ 12

ಹೆಂಡತಿ ಅಡುಗೆಮನೆಯಿಂದಲೇ ಕೂಗಿದಳು. "ಸಾಕು ನಿಲ್ಸ್ರೀ! ಅವಳು ನುಡಿಸ್ತಿದ್ದಿದ್ದು ಇನ್ನೂ ಕಿವೀಲಿದೆ. ಅದನ್ನೂ ಅಳಿಸಿಬಿಡ್ತೀರ ನೀವು."

ಮಗಳು ಹೋಗಿ ಎಂಟು ತಿಂಗಳು. ಜ್ವರ ಎಂದು ಮಲಗಿದವಳು ಏಳಲಿಲ್ಲ. ಸಂಜೆಯಾದರೆ ಅದೇ ಒಂದು ಹಾಡು ನುಡಿಸುತ್ತಿದ್ದಳು... ನಾನು ಮೆಷಿನ್ ತುಳಿಯುತ್ತಾ ಕೇಳುತ್ತಿದ್ದೆ. ಅದು ಇವಳಿಗೆ ಮತ್ತೆ ಕೇಳಿಸಲಿ ಎಂದೇ ಇಷ್ಟು ಒದ್ದಾಟ. ಗಿಟಾರ್ ಗೋಡೆಗೆ ಒರಗಿಸಿ ಎದ್ದೆ.

ಜನವರಿ 13

ಹೆಂಡತಿ ಅವಳ ತಂಗಿಗೆ ಫೋನ್ ಮಾಡಿದ್ದಾಳೆ. ಭಾನುವಾರ ಬಂದು ಗಿಟಾರ್ ತಗೊಂಡು ಹೋಗು ಎಂದು. ನನ್ನನ್ನು ಒಂದು ಮಾತು ಕೇಳಲಿಲ್ಲ. ಮೂರನೇ ಪುಸ್ತಕ ತಂದೆ. ಒಂದೇ ವಾರದಲ್ಲಿ ಕಲಿಸುತ್ತದಂತೆ.

ಜನವರಿ 17, ಮಧ್ಯಾಹ್ನ

ಕಲಿಸಿತು, ನನ್ನ ತಲೆ. ಮೂರು ಪುಸ್ತಕವನ್ನೂ ಗಿಟಾರನ್ನೂ ಹೊತ್ತು, ಪುಸ್ತಕ ಕೊಂಡ ವಾದ್ಯದ ಅಂಗಡಿಗೆ ಹೋಗಿ, ಮಗಳ ಗಿಟಾರಿಗೆ ಒಂದೂ ಹೊಂದುವುದಿಲ್ಲ ಎಂದು ಕೂಗಾಡಿದೆ. ಅಂಗಡಿಯಾಕೆ ಗಿಟಾರ್ ತಿರುಗಿಸಿ ನೋಡಿದಳು.

"ಸರ್, ನಿಮ್ಮ ಮಗಳು ಎಡಗೈಯವಳಾ?"

"ಹೌದು. ಏನೀಗ?"

"ಇದಕ್ಕೆ ತಂತಿ ಅದಲುಬದಲು ಹಾಕಿದೆ, ಎಡಗೈಲಿ ಮೀಟೋರಿಗೆ. ನಿಮ್ಮ ಪುಸ್ತಕ ಬಲಗೈಯವರಿಗೆ."

ಮಗಳಿಗೆಂದೇ ಎಡಗೈ ಕತ್ತರಿ ಹುಡುಕಿ ತಂದವನು ನಾನು. ಬಲಗೈ ಕತ್ತರಿ ಅವಳ ಕೈಯಲ್ಲಿ ಬಟ್ಟೆ ಅಗಿಯುತ್ತದೆ ಎಂದು ಗಿರಾಕಿಗಳಿಗೆಲ್ಲ ಪಾಠ ಹೇಳಿದವನು. ಗಿಟಾರಿಗೂ ಹಾಗೇ ಇರುತ್ತದೆಂದು ಹೊಳೆಯಲೇ ಇಲ್ಲ.

"ಕೂತ್ಕೊಳ್ಳಿ, ಬಿಚ್ಚಿ ತಿರುಗಿಸಿ ಹಾಕ್ಕೊಡ್ತೀನಿ" ಎಂದಳು. ಕಿತ್ತುಕೊಂಡೆ. ಮಗಳು ಕೈಯಾರೆ ಕಟ್ಟಿದ ತಂತಿ.

"ಬೇಡ ತಾಯಿ."

ಆಕೆ ಶ್ರುತಿ ಮಾತ್ರ ಮಾಡಿಕೊಟ್ಟಳು. "ಹಾಗಾದ್ರೆ ನೀವೇ ತಿರುಗ್ಬೇಕು, ಎಡಗೈಲಿ ಮೀಟ್ಬೇಕು. ಮೊದಲ್ನೇ ಪುಸ್ತಕಾನೇ ಇಟ್ಕೊಳ್ಳಿ, ಚಿತ್ರ ದೊಡ್ಡದಿದೆ. ಕನ್ನಡೀಲಿ ನೋಡಿ."

ಜನವರಿ 18

ಟ್ರಯಲ್ ರೂಮಿನ ಕನ್ನಡಿ. ಎದುರಿಗೆ ಪುಸ್ತಕ. ಅಕ್ಷರವೆಲ್ಲ ಹಿಂದುಮುಂದು, ಚಿತ್ರ ಮಾತ್ರ ಸರಿ. ಈಗ ಒತ್ತುವುದು ಬಲಗೈ, ಸೂಜಿಯ ಕೈ. ನೋವಿಲ್ಲ. ಮೀಟಿದೆ — ಸ್ವಚ್ಛ ಸದ್ದು! ಇನ್ನೊಂದು. ಅವಳ ಹಾಡು ಶುರುವಾಗುವುದು ಈ ಎರಡು ಕಾರ್ಡಿನಿಂದಲೇ. ಕಿವಿ ಗುರುತು ಹಿಡಿಯಿತು. ಗಿರಾಕಿ ಹೊರಗೆ ನಿಂತು ಬೈಯುತ್ತಿದ್ದ, ಪ್ಯಾಂಟಿಗೆ ಹುಕ್ಕಿಲ್ಲ ಎಂದು. ಬೈಯಲಿ. ಕಣ್ಣು ಒರೆಸಿಕೊಂಡು ಹೋದೆ.

ಜನವರಿ 19, ಭಾನುವಾರ, ಮಧ್ಯಾಹ್ನ

ಹೆಂಡತಿ ಗಿಟಾರಿನ ಚೀಲ ಹಿಡಿದು ಬಂದಳು. ನಾನು ಕನ್ನಡಿಯ ಮುಂದಿದ್ದೆ. ಬಾಗಿಲಲ್ಲೇ ನಿಂತಳು.

"ಹೀಗೇ ಕೂರ್ತಿದ್ಲು... ಎಡಗೈ ಮೇಲೆ ಹಾಕ್ಕೊಂಡು. ಗೂನಾಗ್ತೀಯ ಕಣೇ ಅಂತ ಬೈತಿದ್ದೆ."

ನುಡಿಸಿದೆ. ಒಂದು. ಎರಡು. ಅವಳು ಮುಂದಿನದಕ್ಕೆ ಕಾದಳು. ಅಷ್ಟೇ ಬರುವುದು ಎಂದೆ. ಕಟಿಂಗ್ ಟೇಬಲ್ ಮೇಲೆ ಕೂತಳು, ಯಾರನ್ನೂ ಕೂರಲು ಬಿಡದ ಜಾಗ. ಬಾಯಿಗೆ ಸೆರಗು ಒತ್ತಿಕೊಂಡಳು.

"ಆ ಎರಡನ್ನೇ ಇನ್ನೊಂದ್ಸಲ."

ಸಂಜೆ

ನಾದಿನಿ ಬಂದಿದ್ದಾಳೆ. ಹೊರಗಿನ ಮಾತು ಇಲ್ಲಿಗೆ ಕೇಳುತ್ತಿದೆ. ಇವಳ ದನಿ: "ಬೇಜಾರು ಮಾಡ್ಕೋಬೇಡ್ವೇ, ಈಗ ಕೊಡಕ್ಕಾಗಲ್ಲ. ನಿಮ್ ಭಾವಂಗೆ ಮೂರನೇದು ಇನ್ನೂ ಬಂದಿಲ್ಲ."

ಮೂರನೇ ಕಾರ್ಡ್. ಪುಸ್ತಕ ಕನ್ನಡಿಗೆ ಹಿಡಿದಿದ್ದೇನೆ. ಉಂಗುರದ ಬೆರಳು ಇಲ್ಲಿ. ನಡುಬೆರಳು ಅದರ ಪಕ್ಕದ ತಂತಿಗೆ.