ನನ್ನ ಹೆಸರಿನಲ್ಲಿ ದಾಖಲಾದ ಬಿ.ಪಿ.

ಜೂನ್ ೯, ೨೦೨೫. ಸೋಮವಾರ

ಆರೂವರೆಯ ಸಾಗರದ ಬಸ್ಸು. ಹೊಸನಗರದಲ್ಲೇ ಭರ್ತಿ. ಮುಂದಿನ ಸೀಟಿನಲ್ಲಿ ದುಗ್ಗಪ್ಪ. ಹೆಂಡತಿ ಮೂಕಮ್ಮ ಮಾರ್ಚ್ ಹನ್ನೊಂದರಂದು ನಮ್ಮ ನರ್ಸಿಂಗ್ ಹೋಮಿನಲ್ಲಿ ತೀರಿಕೊಂಡಳು. ಗರ್ಭಕೋಶದ ಆಪರೇಷನ್ ಆದ ದಿನವೇ. ಒಳಗೊಳಗೇ ರಕ್ತಸ್ರಾವ. ಈಗ ಶಿವಮೊಗ್ಗದ ಗ್ರಾಹಕರ ಕೋರ್ಟಿನಲ್ಲಿ ಕೇಸು ಹಾಕಿದ್ದಾನೆ. ನನ್ನನ್ನು ನೋಡಿ ತಲೆಯಾಡಿಸಿದ. ಕೇಸು ಹಾಕಿದವನಿಗೆ ನನ್ನ ಮೇಲೇನು ವಿಶ್ವಾಸ?

ನರ್ಸಿಂಗ್ ಹೋಮ್ ನಡೆಸುವ ಡಾಕ್ಟರ್ ಕೃಷ್ಣಪ್ರಸಾದ್ ತಮ್ಮ ರೂಮಿಗೆ ಕರೆದರು. "ಹೆದರ್ಕೋಬೇಡಿ ಹೇಮಾವತಿ, ಎಲ್ಲಾ ಕಂಪ್ಯೂಟರಲ್ಲಿ ಇದೆ." ನಾನು ಹೆದರಿಯೇ ಇರಲಿಲ್ಲ. ಈಗ ಹೆದರಿಕೆ.

ಜೂನ್ ೧೦

ಮೂಕಮ್ಮನ ರೆಕಾರ್ಡ್ ತೆಗೆದು ನೋಡಿದೆ. ಮಧ್ಯಾಹ್ನ ಎರಡು, ಮೂರು, ನಾಲ್ಕು, ಐದು... ನಾಲ್ಕು ಸಲ ಬಿ.ಪಿ. ನಾಲ್ಕೂ ನಾರ್ಮಲ್. ನಾಲ್ಕೂ ನನ್ನ ಹೆಸರಿನಲ್ಲಿ. ನನ್ನ ಡ್ಯೂಟಿ ಎರಡಕ್ಕೇ ಮುಗಿದಿತ್ತು. ಎರಡೂ ಹತ್ತರ ಬಸ್ಸಿಗೆ ಓಡಿದ್ದೆ.

ನಮ್ಮಲ್ಲಿ ಬೆಳಿಗ್ಗೆ ನಾನು ಲಾಗಿನ್ ಆದರೆ ಮುಗಿಯಿತು, ಇಡೀ ದಿನ ಎಲ್ಲರೂ ಅದರಲ್ಲೇ ಬರೆಯುತ್ತಾರೆ. ಪಾಸ್‌ವರ್ಡ್ ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದೆ. ಯಾರು ಬೇಕಾದರೂ ಹೇಮಾವತಿ ಆಗಬಹುದು.

ಅವತ್ತು ನನ್ನ ನಂತರ ಸುಷ್ಮಾಳ ಡ್ಯೂಟಿ. ಕೇಳಿದೆ. "ನಂಗೆ ಲೇಬರ್ ರೂಮಲ್ಲೇ ಆಯ್ತಲ್ಲ ಅಕ್ಕ, ವಾರ್ಡಿಗೆ ಬರಕ್ಕೇ ಆಗ್ಲಿಲ್ಲ" ಎಂದಳು. ಮುಖ ಕೊಟ್ಟು ಮಾತಾಡಲಿಲ್ಲ. ಬರೆದವಳು ಇವಳೇ.

ಜೂನ್ ೧೯

ಸುಷ್ಮಾ ಜೊತೆ ಊಟಕ್ಕೆ ಕೂರುವುದು ಬಿಟ್ಟಿದ್ದೇನೆ.

ಡಾಕ್ಟರ್ ಒಂದು ಸರ್ಟಿಫಿಕೇಟ್ ಮುಂದಿಟ್ಟರು. ಕೋರ್ಟಿಗೆ ಪ್ರಿಂಟ್ ಕೊಡುವಾಗ ಜೊತೆಗೆ ಬೇಕಂತೆ. "ಪ್ರಿಂಟಲ್ಲಿ ಇರೋದೂ ಕಂಪ್ಯೂಟರಲ್ಲಿ ಇರೋದೂ ಒಂದೇ, ಅಷ್ಟೇ. ಸುಳ್ಳೇನಿಲ್ವಲ್ಲ?" ನಿಜ, ಅದರಲ್ಲಿ ಸುಳ್ಳಿಲ್ಲ. ಅದಕ್ಕೇ ಅನುಮಾನ. ಸೋಮವಾರ ಸಹಿ ಹಾಕುತ್ತೇನೆ ಎಂದು ಜಾರಿಕೊಂಡೆ.

ಜೂನ್ ೨೩

ದುಗ್ಗಪ್ಪನ ವಕೀಲರು ವಂದನಾ ಮೇಡಂ. ಆಡಿಟ್ ಲಾಗ್ ಕೇಳಿದ್ದಾರೆ — ಯಾವ ಸಾಲು ಎಷ್ಟು ಹೊತ್ತಿಗೆ, ಯಾವ ಕಂಪ್ಯೂಟರಿನಿಂದ ಹಾಕಿದ್ದು ಅಂತ. ತೀರ್ಥಹಳ್ಳಿಯಿಂದ ಸಾಫ್ಟ್‌ವೇರಿನ ಗಿರಿಧರ ಬಂದ. ಡಾಕ್ಟರ್ ಊಟಕ್ಕೆ ಹೋದಾಗ, ಮಾರ್ಚ್ ಹನ್ನೊಂದರ ಇಡೀ ವಾರ್ಡಿನ ಲಾಗ್ ಇದ್ದ ಒಂದು ಪ್ರಿಂಟ್ ನನ್ನ ಕೈಗೆ ತುರುಕಿದ. ಮೂರು, ನಾಲ್ಕು, ಐದು ಗಂಟೆಯ ಸಾಲುಗಳನ್ನು ಬೆರಳಿಟ್ಟು ತೋರಿಸಿದ. ಮೂರನ್ನೂ ಹಾಕಿದ್ದು ಸಂಜೆ ಏಳೂ ನಲವತ್ತಕ್ಕೆ, ಡಾಕ್ಟರ ರೂಮಿನಿಂದ. ಮೂಕಮ್ಮ ಹೋಗಿದ್ದು ಆರೂ ಹತ್ತಕ್ಕೆ.

"ನಾ ಕೊಟ್ಟಿದ್ದು ಅಂತ ಹೇಳ್ಬೇಡಿ ಮೇಡಂ."

ಸುಷ್ಮಾ ಅಲ್ಲ. ಪಾಪ. ಮೈಯೆಲ್ಲ ಉರಿಯಿತು. ಸತ್ತವಳ ಬಿ.ಪಿ. ಬರೆದಿದ್ದಾರೆ, ಅದೂ ನನ್ನ ಹೆಸರಿನಲ್ಲಿ. ಸಹಿ ಹಾಕುವುದಿಲ್ಲ. ಕೆಲಸ ಹೋದರೆ ಹೋಗಲಿ, ಕೋರ್ಟಿನಲ್ಲಿ ನಾನೇ ಹೇಳುತ್ತೇನೆ.

ಜೂನ್ ೨೪

ಬಸ್ಸಿನಲ್ಲಿ ದುಗ್ಗಪ್ಪ ಪಕ್ಕಕ್ಕೇ ಬಂದು ನಿಂತ. "ನಿಮ್ ಮೇಲೆ ನಂಗೇನೂ ಇಲ್ಲ ಸಿಸ್ಟರೇ. ಎರಡ್ ಗಂಟೇಲಿ ನೀವು ನೋಡ್ದಾಗ ಚೆನ್ನಾಗಿದ್ಲಲ್ಲ. ಆಮೇಲೆ ಯಾರೂ ನೋಡ್ಲಿಲ್ಲ. ಅಷ್ಟು ಹೇಳಿ, ಸಾಕು."

ಹೂಂ ಎಂದೆ.

ಟೀ ಹೊತ್ತಿನಲ್ಲಿ ಗಿರಿಧರನ ಪ್ರಿಂಟ್ ಮತ್ತೆ ಬಿಡಿಸಿದೆ. ಎರಡು ಗಂಟೆಯ ಸಾಲು. ವಾರ್ಡಿನ ಕಂಪ್ಯೂಟರಿನಿಂದಲೇ, ಒಂದೂ ಐವತ್ತೆರಡಕ್ಕೆ. ಅದು ನಾನೇ. ಅದೇ ನಿಮಿಷದಲ್ಲಿ ವಾರ್ಡಿನ ಒಂಬತ್ತೂ ಹಾಸಿಗೆಯ ಬಿ.ಪಿ. ಹಾಕಿದ್ದೇನೆ. ಒಂಬತ್ತೂ ಜನರದ್ದು ೧೨೦/೮೦.

ಬಸ್ಸಿನ ಗಡಿಬಿಡಿ ಇತ್ತು. ಆದರೂ ಮೂಕಮ್ಮನದ್ದು ನೋಡಿದ್ದೆ. ಆಪರೇಷನ್ ಆದವಳು, ನೋಡದೆ ಬಿಡುತ್ತೇನಾ... ತೋಳಿಗೆ ಬಿ.ಪಿ. ಪಟ್ಟಿ ಸುತ್ತಿಯೇ ಇರುತ್ತೇನೆ. ಯಾವ ತೋಳು? ಡ್ರಿಪ್ ಇದ್ದದ್ದು ಎಡಗೈಗೆ, ಹಾಗಾದರೆ ಬಲ—