ಕಂಪ್ಯೂಟರಿಗೆ ಬಂದ ಅನುಮಾನ

ಮನೆಯಿಂದ,
ಜೂನ್ ೧೨, ಬುಧವಾರ

ಪ್ರೀತಿಯ ಅಪ್ಪಾ,

ಹೇಗಿದ್ದೀಯ? ಮೊಣಕಾಲು ನೋವು ಕಡಿಮೆಯಾಯಿತೇ? ಫೋನ್ ಮಾಡಿದರೆ "ಮಷೀನ್ ಸದ್ದು ಮಗಳೇ, ಆಮೇಲೆ ಮಾಡ್ತೀನಿ" ಎಂದು ಇಟ್ಟುಬಿಡುತ್ತೀಯ. ಆ ಆಮೇಲೆ ಬರುವುದೇ ಇಲ್ಲ. ಅದಕ್ಕೇ ಈ ಕಾಗದ. ಅಮ್ಮ ಚೆನ್ನಾಗಿದ್ದಾಳೆ, ಅಂದರೆ ಎಂದಿನಂತೆ ನಿನ್ನನ್ನು ಬೈದುಕೊಂಡೇ ಇದ್ದಾಳೆ. ನನಗೆ ಮಾತ್ರ ಸೋಮವಾರದಿಂದ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ.

ನನ್ನ ಕೆಲಸ ನಿನಗೆ ಗೊತ್ತಲ್ಲ. ವಿಡಿಯೊದಲ್ಲಿ ಜನ ಏನು ಮಾಡುತ್ತಿದ್ದಾರೆಂದು ಕಂಪ್ಯೂಟರ್ ಊಹಿಸುತ್ತದೆ. ಅದು ತಪ್ಪಿದಲ್ಲಿ ನಾನು ತಿದ್ದಬೇಕು. ನಡಿಗೆ, ಜಗಳ, ಕಾಯುವುದು, ಅನುಮಾನಾಸ್ಪದ ಓಡಾಟ, ಇಷ್ಟರಲ್ಲೇ ಒಂದನ್ನು ಆರಿಸಬೇಕು. ಸುಮ್ಮನೆ ಚಿಂತೆ ಮಾಡುತ್ತಾ ನಿಂತವರಿಗೆ ಅದರಲ್ಲಿ ಜಾಗವಿಲ್ಲ. ಸೋಮವಾರ ನೀನಿರುವ ಊರಿನ ಬಸ್ ನಿಲ್ದಾಣದ ವಿಡಿಯೊ ಬಂತು. ಮುಖಗಳನ್ನೆಲ್ಲ ಮಸುಕು ಮಾಡಿರುತ್ತಾರೆ. ಒಬ್ಬ ಮನುಷ್ಯ ಕರವಸ್ತ್ರದಿಂದ ಬೆಂಚು ಒರೆಸಿದ, ಕರವಸ್ತ್ರ ಕೊಡವಿ ಮಡಿಸಿದ, ಮತ್ತೆ ಒರೆಸಿದ, ಕೊನೆಗೆ ಕೂರದೇ ಹೋಗಿ ಕಂಬಕ್ಕೆ ಒರಗಿದ. ಮುಖ ಕಾಣದಿದ್ದರೇನು, ಈ ಪ್ರಪಂಚದಲ್ಲಿ ಹಾಗೆ ಮಾಡುವವನು ನೀನೊಬ್ಬನೇ ಅಪ್ಪಾ! "ಇವರು ಒರೆಸಿ ಮುಗಿಸೋ ಹೊತ್ತಿಗೆ ಬಸ್ಸೇ ಹೋಗಿರುತ್ತೆ" ಎಂದು ಅಮ್ಮ ರೇಗಿಸುತ್ತಾಳಲ್ಲ.

ಕಂಪ್ಯೂಟರ್ ನಿನ್ನ ಸುತ್ತ ಕೆಂಪು ಚೌಕಟ್ಟು ಹಾಕಿ 'ಅನುಮಾನಾಸ್ಪದ ಓಡಾಟ' ಎಂದಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು. ಅದನ್ನು ಅಳಿಸಿ 'ಕಾಯುವುದು' ಎಂದು ಹಾಕಿದೆ. ಮೇಲ್ವಿಚಾರಕಿ ಬಂದು, "ಬೆಳಗಿಂದ ಸಂಜೆವರೆಗೂ ಅಲ್ಲೇ ಇದಾರೆ, ಒಂದು ಬಸ್ಸೂ ಹತ್ತಿಲ್ಲ. ಯಾವ ಬಸ್ಸಿಗೆ ಕಾಯೋದು?" ಎಂದು ಕೇಳಿದರು. ಮರುದಿನದ ವಿಡಿಯೊದಲ್ಲೂ ನೀನೇ, ಕೈಯಲ್ಲಿ ಊಟದ ಡಬ್ಬಿ. ಕೆಲಸದ ಹೊತ್ತಿನಲ್ಲಿ ಅಲ್ಲೇನು ಮಾಡುತ್ತೀಯ? ರಜೆಯೇ? ಹುಷಾರಿಲ್ಲವೇ? ನಿಜ ಹೇಳಪ್ಪ, ನನಗೆ ಭಯವಾಗುತ್ತಿದೆ.

ಅಮ್ಮನಿಗೆ ಏನೂ ಹೇಳಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು.

ಬೇಡವೆಂದರೂ ನಮಸ್ಕಾರ ಮಾಡುವ,
ನಿನ್ನ ಕೋಪಿಷ್ಠ ಮಗಳು

ತಾ.ಕ.: ಲಕೋಟೆ ಅಂಟಿಸುವ ಮುಂಚೆ ತಡೆಯಲಾರದೆ ನಿನ್ನ ಕಾರ್ಖಾನೆಗೆ ಫೋನ್ ಮಾಡಿದೆ. ಗೇಟಿನವನು, "ಅವರನ್ನ ಕೆಲಸದಿಂದ ತೆಗೆದು ತುಂಬಾ ದಿನ ಆಯ್ತಲ್ಲಮ್ಮಾ, ಮನೇಲಿ ಹೇಳಿಲ್ವಾ?" ಎಂದ. ತಿರುಗಿ ನೋಡಿದರೆ ಅಮ್ಮ ಹಿಂದೆಯೇ ನಿಂತು ಎಲ್ಲ ಕೇಳಿಸಿಕೊಂಡಿದ್ದಾಳೆ. ಇನ್ನು ಬೈಗುಳ ಶುರು ಅಂದುಕೊಂಡೆ. ಅವಳು ನೋಡಿದರೆ ಒಳಗೆ ಹೋಗಿ ನಿನ್ನ ಹಾಸಿಗೆ ಹಾಸುತ್ತಿದ್ದಾಳೆ. ಕಾಗದ ಕೈಗೆ ಸಿಕ್ಕ ತಕ್ಷಣ ಹೊರಟು ಬಾ.